ಮೊಲದ ತಳಿಯೂ ಅನುಮೋದನೆಯ ಹೊಣೆಯೂ

ಮನೆಗೆ ಯಾವ ತಳಿಯ ಮೊಲ ತರಬೇಕೆಂದು ಯೋಚಿಸುವವರು ಸಾಮಾನ್ಯವಾಗಿ ಜಾಗ, ಮಕ್ಕಳ ವಯಸ್ಸು, ಉದುರುವ ಕೂದಲು ಇಷ್ಟನ್ನೇ ಲೆಕ್ಕ ಹಾಕುತ್ತಾರೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಅಹಿಂಸೆಯ ಪ್ರಶ್ನೆ. ಜೈನ ಶಾಸ್ತ್ರ ಕರ್ಮದ ಹೊಣೆಯನ್ನು ಕೃತ, ಕಾರಿತ, ಅನುಮತ ಎಂದು ಮೂರಾಗಿ ನೋಡುತ್ತದೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟಿದ್ದು. ಅಂಗಡಿಯಲ್ಲಿ ಮುದ್ದು ಮೊಲಕ್ಕೆ ದುಡ್ಡು ಎಣಿಸುವವರು ಮೊದಲನೆಯದರಿಂದ ಪಾರಾದರೂ ಉಳಿದೆರಡರಿಂದ ಪಾರಾಗುವುದು ಕಷ್ಟ.

ಆ ಮುದ್ದು ಎಲ್ಲಿಂದ ಬಂತು? ನೆದರ್ಲೆಂಡ್ ಡ್ವಾರ್ಫ್‌ನಂಥ ಕುಬ್ಜ ತಳಿಯ ಗಿಡ್ಡ ಮೈಗೆ ಮುಖ್ಯ ಕಾರಣ ಒಂದು ವಂಶವಾಹಿ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮೊಲ ಪುಟ್ಟದಾಗುತ್ತದೆ. ಇಬ್ಬರಿಂದಲೂ ಬಂದರೆ ಮರಿ ಬದುಕುವುದಿಲ್ಲ. ಅಂಥ ಎರಡು ಕುಬ್ಜ ಮೊಲಗಳನ್ನು ಕೂಡಿಸಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಡಕಲು ಮೈ, ಉಬ್ಬಿದ ತಲೆಯೊಂದಿಗೆ ಹುಟ್ಟಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಬದುಕುಳಿದ ಮರಿಗಳು ಮಾತ್ರ. ಜೋಲುಕಿವಿಯ ತಳಿಗಳಲ್ಲಿ ಕಿವಿಯ ನಾಳ ಮಡಚಿ ಕಿರಿದಾಗಿ, ಒಳಗೆ ಮೇಣ ಕಟ್ಟಿಕೊಳ್ಳುತ್ತದೆ. ನೆಟ್ಟಗಿವಿಯ ಮೊಲಗಳಿಗಿಂತ ಅವುಗಳಿಗೆ ಕಿವಿನೋವು ಹೆಚ್ಚೆಂಬ ಸೂಚನೆಯನ್ನು ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೊಟ್ಟಿತು. ಚಪ್ಪಟೆ ಮುಖದಿಂದ ಹಲ್ಲು ಕೆಡುತ್ತದೆಂಬ ಮಾತಿನ ಬಗ್ಗೆ ಪಶುವೈದ್ಯರಲ್ಲೇ ಒಮ್ಮತವಿಲ್ಲ, ಅದನ್ನು ಸಾಕ್ಷ್ಯವಾಗಿ ಬಳಸಲಾರೆ. ಇನ್ನು ಅಂಗೋರಾ: ನಮ್ಮ ದೇಶದಲ್ಲಿ ಉಣ್ಣೆಗಾಗಿ ಅದನ್ನು ಸಾಕುವುದು ಹಿಮಾಚಲ, ಉತ್ತರಾಖಂಡದ ತಂಪು ಬೆಟ್ಟಗಳಲ್ಲಿ. ಬೆವರಿ ಮೈ ತಣಿಸಿಕೊಳ್ಳಲಾರದ ಪ್ರಾಣಿಗೆ ಆ ಕಂಬಳಿ ಹೊದಿಸಿ ಕಲಬುರಗಿಯ ಬೇಸಿಗೆಯಲ್ಲಿ ಇಡುವುದು ಕ್ರೌರ್ಯವೇ.

'ಮರಿ ಆಗಲೇ ಹುಟ್ಟಿದೆ, ನಾನು ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ' ಎನ್ನುವವರಿದ್ದಾರೆ. ಆದರೆ ಒಂದು ಮರಿ ಮಾರಾಟವಾದದ್ದನ್ನು ನೋಡಿಯೇ ಸಾಕಣೆದಾರ ಮುಂದಿನ ಸೂಲಿಗೆ ಸಿದ್ಧನಾಗುತ್ತಾನೆ. ಕಾರಿತ ಎಂದರೆ ಇದೇ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ತಳಿ ಬೆಳೆಸದಿದ್ದರೆ ಆ ಮೊಲವೇ ಇರುತ್ತಿರಲಿಲ್ಲ, ನೋವಿದ್ದರೂ ಬದುಕು ಬದುಕೇ ಅಲ್ಲವೇ? ಜೀವವನ್ನು ಮನುಷ್ಯ ಸೃಷ್ಟಿಸುತ್ತಾನೆಂದು ನಂಬಿದರೆ ಮಾತ್ರ ಈ ವಾದ ನಿಲ್ಲುತ್ತದೆ. ಜೈನ ದೃಷ್ಟಿಯಲ್ಲಿ ಜೀವ ಅನಾದಿ, ಅದು ಎಲ್ಲಿಯಾದರೂ ಹುಟ್ಟುವಂಥದೇ. ಸಾಕಣೆದಾರನ ಆಯ್ಕೆ ತಲುಪುವುದು ದೇಹದ ಆಕಾರದವರೆಗೆ ಮಾತ್ರ. ನೋಯುವ ದೇಹವನ್ನು ಬೇಕೆಂದೇ ರೂಪಿಸಿ ಅದನ್ನು ಉಪಕಾರವೆನ್ನುವುದು ಹೇಗೆ? ಇದನ್ನು ಒಪ್ಪದವರೂ ಒಂದು ಮಾತು ಒಪ್ಪಿಯಾರು: ಹುಟ್ಟದ ಮೊಲಕ್ಕೆ ಅನ್ಯಾಯವಾಗುವುದಿಲ್ಲ, ಹುಟ್ಟಿದ ಮೊಲಕ್ಕೆ ನೋವಾಗುತ್ತದೆ.

ಹಾಗಾದರೆ ಸಾಕುವುದೇ ತಪ್ಪೇ? ಅಹಿಂಸಾ ಅಣುವ್ರತದ ಅತಿಚಾರಗಳಲ್ಲಿ, ಅಂದರೆ ಗೃಹಸ್ಥರ ಅಹಿಂಸಾ ವ್ರತಕ್ಕೆ ತಗಲುವ ದೋಷಗಳಲ್ಲಿ, ಪ್ರಾಣಿಯ ಬಂಧನವೂ ಒಂದು, ಆದ್ದರಿಂದ ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಯಾರೋ ಬಿಟ್ಟುಹೋದ ಮೊಲ ಕಾಡಿಗೆ ಮರಳಲಾರದು, ಅದಕ್ಕೆ ಮನೆ ಬೇಕು. ಆದ್ದರಿಂದ ತಳಿಯ ಹೆಸರು ಕೇಳಬೇಡಿ. ನೆಟ್ಟಗಿನ ಕಿವಿ, ಸಹಜ ಮುಖ, ಗಿಡ್ಡ ಕೂದಲು, ಮಧ್ಯಮ ಗಾತ್ರದ ಮಿಶ್ರ ತಳಿಯ ಮೊಲಗಳನ್ನು ಆಶ್ರಯ ಕೇಂದ್ರದಿಂದ ತನ್ನಿ; ಸಂತಾನಹರಣ ಚಿಕಿತ್ಸೆ ಮಾಡಿಸಿ, ಜೋಡಿಯಾಗಿ, ಪಂಜರದ ಹೊರಗೆ ಓಡಾಡಲು ಬಿಟ್ಟು ಸಾಕಿ. ಅಷ್ಟು ಜಾಗವಾಗಲೀ ಹತ್ತು ವರ್ಷದ ವ್ಯವಧಾನವಾಗಲೀ ಇಲ್ಲದಿದ್ದರೆ ದಯವಿಟ್ಟು ತರಬೇಡಿ.