ಕಣ್ಣೂ ಒಂದು ಆಯುಧವೇ?

ಉಪಕರಣದಲ್ಲಿ ದೋಷವಿಲ್ಲ, ಬಳಸುವವನಲ್ಲಿ ಮಾತ್ರ ದೋಷವಿದೆ ಎಂಬ ಮಾತನ್ನು ನಾವು ಆಗಾಗ್ಗೆ ಕೇಳುತ್ತೇವೆ. ಚಾಕುವಿನಿಂದ ಹಣ್ಣನ್ನೂ ಹೆಚ್ಚಬಹುದು, ಕೊರಳನ್ನೂ ಕೊಯ್ಯಬಹುದು ಎಂಬ ದೃಷ್ಟಾಂತವೂ ಅದರ ಬೆನ್ನಿಗೇ ಬರುತ್ತದೆ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದನ್ನು ಪರೀಕ್ಷಿಸಲು ಚಾಕುವಿಗಿಂತ ಜಟಿಲವಾದ ವಸ್ತುವೊಂದು ಬೇಕು. ಅಮೆರಿಕೆಯ ‘ಗ್ಲೋಬಲ್ ಹಾಕ್’ ಎಂಬ ಚಾಲಕರಹಿತ ವಿಮಾನವು ಅಂಥದೊಂದು ವಸ್ತು.

1998ರ ಫೆಬ್ರವರಿ 28ರಂದು ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ವಾಯುನೆಲೆಯಿಂದ ಇದು ಮೊದಲ ಬಾರಿಗೆ ಮೇಲೇರಿತು. ಆರಂಭದ ಮಾದರಿಯಲ್ಲಿ ರೆಕ್ಕೆಗಳ ಹರವು 116 ಅಡಿ. ಸುಮಾರು 60,000 ಅಡಿ ಎತ್ತರದಲ್ಲಿ ಮೂವತ್ತು ಗಂಟೆಗಳಿಗೂ ಮಿಕ್ಕಿ ಹಾರಬಲ್ಲದು. ಒಳಗಿರುವುದು ಕ್ಯಾಮೆರಾ, ಶಾಖವನ್ನು ಗುರುತಿಸುವ ಸಂವೇದಕ, ಮೋಡದ ಮರೆಯಲ್ಲಿಯೂ ನೆಲವನ್ನು ಕಾಣಬಲ್ಲ ರೇಡಾರ್. ಬಾಂಬಿಲ್ಲ, ಗುಂಡಿಲ್ಲ, ಮನುಷ್ಯನೂ ಇಲ್ಲ. ನೋಡುವುದು, ನೋಡಿದುದನ್ನು ನೆಲಕ್ಕೆ ತಿಳಿಸುವುದು, ಇಷ್ಟೇ ಅದರ ಕಾರ್ಯ.

ಹಾಗಾದರೆ ಇದು ಹಿಂಸೋಪಕರಣವೋ ಅಲ್ಲವೋ? ಇದು ಯಾರನ್ನೂ ಕೊಲ್ಲುವುದಿಲ್ಲವೆಂಬುದು ನಿಜ. ಆದರೆ 2003ರ ಇರಾಕ್ ಯುದ್ಧದಲ್ಲಿ ಇದು ಗುರುತಿಸಿಕೊಟ್ಟ ಗುರಿಗಳ ಮೇಲೆಯೇ ಅನ್ಯ ವಿಮಾನಗಳು ಬಾಂಬು ಸುರಿಸಿದವು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳ ಪೈಕಿ ಹಿಂಸಾದಾನವನ್ನು, ಅಂದರೆ ವಧೆಗೆ ಹೇತುವಾಗುವ ಸಾಧನಗಳನ್ನು ನೀಡುವುದನ್ನು, ಹೇಳುವಾಗ ಖಡ್ಗದ ಜೊತೆಯಲ್ಲಿಯೇ ಗುದ್ದಲಿಯನ್ನೂ ಬೆಂಕಿಯನ್ನೂ ಸೇರಿಸಿದ್ದಾರೆ. ಗುದ್ದಲಿಯಿಲ್ಲದೆ ತೋಟವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲ. ವಸ್ತುವಿಗೆ ಅಲಗಿದೆಯೇ ಎಂಬುದು ಅಲ್ಲಿಯ ಪ್ರಶ್ನೆಯಾಗಿರಲಿಲ್ಲ. ಯಾವುದಕ್ಕೆ ಹೇತುವಾಗಲೆಂದು ಅದು ಕೈ ಬದಲಾಯಿಸುತ್ತದೆ ಎಂಬುದೇ ಪ್ರಶ್ನೆ. ಈ ಅಳತೆಯಲ್ಲಿ ಗುರಿ ತೋರಿಸಿಕೊಡುವ ಕಣ್ಣು ಆಯುಧದ ಸಾಲಿನಿಂದ ತಪ್ಪಿಸಿಕೊಳ್ಳಲಾರದು.

ಇನ್ನು ಮತ್ತೊಂದು ಮುಖ. 2007ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಕಾಡುಗಳು ಹೊತ್ತಿ ಉರಿದಾಗ ಬೆಂಕಿಯ ಜಾಡನ್ನು ಚಿತ್ರಿಸಿದ್ದು ಇದೇ ವಿಮಾನ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ, ಆಫ್ಘಾನಿಸ್ತಾನಕ್ಕೆ ನಿಯೋಜಿತವಾಗಿದ್ದ ಒಂದು ಗ್ಲೋಬಲ್ ಹಾಕ್ ಅನ್ನು ದಾರಿ ಬದಲಿಸಿ, ಕುಸಿದ ಊರುಗಳ ಚಿತ್ರ ತೆಗೆಯಲು ಕಳುಹಿಸಲಾಯಿತು. 2011ರಲ್ಲಿ ಗುವಾಮ್ ದ್ವೀಪದಿಂದ ಹೊರಟ ಇನ್ನೊಂದು, ಮನುಷ್ಯ ಸಮೀಪಿಸಲಂಜುತ್ತಿದ್ದ ಫುಕುಶಿಮಾ ಅಣುಸ್ಥಾವರವನ್ನು ಮೇಲಿನಿಂದ ನೋಡಿತು.

ಎಲ್ಲಕ್ಕಿಂತ ವಿಚಾರಾರ್ಹವಾದುದು ನಾಸಾ ಸಂಸ್ಥೆಯ ಪ್ರಸಂಗ. 1998ರಲ್ಲಿ ಮೊದಲು ಹಾರಿದ ಆ ವಿಮಾನವೇ, ಮತ್ತೊಂದರೊಡನೆ, 2007ರ ಕೊನೆಯಲ್ಲಿ ವಾಯುಪಡೆಯಿಂದ ನಾಸಾ ಕೈಸೇರಿತು. 2010ರಿಂದ ಅವು ಚಂಡಮಾರುತಗಳ ಮೇಲೆ ಹಾರತೊಡಗಿದವು. 2012ರಿಂದ 2014ರವರೆಗೆ ವರ್ಜೀನಿಯದ ವಾಲಪ್ಸ್ ನೆಲೆಯಿಂದ ಅಟ್ಲಾಂಟಿಕ್ ಸಾಗರದ ಬಿರುಗಾಳಿಗಳನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಪುಟ್ಟ ಕೊಳವೆಯಂಥ ಸಾಧನಗಳನ್ನು ಉದುರಿಸಿದವು. ಅವು ಸಣ್ಣ ಪ್ಯಾರಾಚೂಟಿನಲ್ಲಿ ಇಳಿಯುತ್ತಾ ಉಷ್ಣತೆ, ಒತ್ತಡ, ತೇವಾಂಶ, ಗಾಳಿಯ ವೇಗಗಳನ್ನು ತಿಳಿಸುತ್ತವೆ. ಬಿರುಗಾಳಿ ಹೇಗೆ ಬಲಿಯುತ್ತದೆಂಬುದನ್ನು ಅರಿತಷ್ಟೂ ಕರಾವಳಿಯ ಜನರಿಗೆ ಮುನ್ಸೂಚನೆ ಸಿಕ್ಕೀತು. ಶತ್ರುವಿನ ಚಲನವಲನವನ್ನು ಬಿಡದೆ ಕಾಯಲೆಂದು ಕೊಟ್ಟ ದೀರ್ಘಶ್ವಾಸ ಇಲ್ಲಿ ಜೀವರಕ್ಷಣೆಗೆ ಒದಗಿತು.

ಇದರಿಂದ ಆ ಯಂತ್ರದ ಹಿಂದಿನ ಪಾಪ ತೊಳೆದುಹೋಯಿತೆಂದು ಕೆಲವರು ವಾದಿಸಿಯಾರು. ಲೆಕ್ಕ ಬರೆದು ಕೈ ಸವೆಸಿದ ನನಗೆ ಈ ವಾದ ಒಪ್ಪಿಗೆಯಾಗದು. ಜಮಾ ಕಡೆಯಲ್ಲಿ ಎಷ್ಟು ಬರೆದರೂ ಖರ್ಚಿನ ಬಾಬು ಖಾತೆಯಲ್ಲಿ ಹಾಗೆಯೇ ನಿಂತಿರುತ್ತದೆ. ಪುಣ್ಯವೂ ಪಾಪವೂ ಬೇರೆ ಬೇರೆಯಾಗಿಯೇ ಬಂಧಿಸುತ್ತವೆಂಬ ಸಿದ್ಧಾಂತವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಬಿರುಗಾಳಿಯನ್ನು ಅಭ್ಯಸಿಸಲೆಂದೇ ಇಂಥ ವಿಮಾನವನ್ನು ಯಾವ ಸರ್ಕಾರವೂ ಮೊದಲಿಗೆ ಕಟ್ಟಿಸಲಿಲ್ಲ. ಯುದ್ಧದ ಬೊಕ್ಕಸ ಕಟ್ಟಿಸಿತು. ಆರಂಭದ ಮಾದರಿಗಳು ಸೇನೆಗೆ ಬೇಡವಾದ ಮೇಲೆ ವಿಜ್ಞಾನದ ಪಾಲಿಗೆ ಬಂದವು. ಅನುಕಂಪೆಯು ಯುದ್ಧದ ಎಂಜಲೆಲೆಗೆ ಕಾದು ಕುಳಿತಿರಬೇಕಾದುದು ಯಂತ್ರದ ದೋಷವಲ್ಲ, ನಮ್ಮ ಆದ್ಯತೆಗಳ ದೋಷ.

ಚಾಲಕನಿಲ್ಲದ ವಿಮಾನವು ಯುದ್ಧವನ್ನು ಅಗ್ಗವಾಗಿಸುತ್ತದೆಂಬ ಆಕ್ಷೇಪವೂ ಉಂಟು. ತನ್ನ ಕಡೆಯವನು ಸಾಯುವ ಭಯವಿಲ್ಲದಿದ್ದರೆ ಯಾರೂ ಗಡಿಯಂಚಿಗೆ ಧೈರ್ಯವಾಗಿ ಕಳುಹಿಸುತ್ತಾರೆ. 2019ರ ಜೂನ್ 20ರಂದು ಹೊರ್ಮುಜ್ ಜಲಸಂಧಿಯ ಬಳಿ ಇರಾನ್ ಇದೇ ಬಗೆಯ ವಿಮಾನವೊಂದನ್ನು ಹೊಡೆದುರುಳಿಸಿತು. ತನ್ನ ವಾಯುಸೀಮೆಯೊಳಗೆ ಎಂದು ಇರಾನ್, ಅಂತಾರಾಷ್ಟ್ರೀಯ ವಾಯುಸೀಮೆಯಲ್ಲಿ ಎಂದು ಅಮೆರಿಕ. ಪ್ರತೀಕಾರದ ದಾಳಿಗೆ ಸಿದ್ಧತೆಯಾಗಿತ್ತು. ಎಷ್ಟು ಜನ ಸತ್ತಾರೆಂದು ಕೇಳಿದಾಗ 150 ಎಂಬ ಉತ್ತರ ಬಂದುದರಿಂದ, ದಾಳಿಗೆ ಹತ್ತು ನಿಮಿಷವಿರುವಾಗ ಅದನ್ನು ನಿಲ್ಲಿಸಿದೆನೆಂದು ಅಧ್ಯಕ್ಷ ಟ್ರಂಪ್ ಮರುದಿನ ಹೇಳಿದರು. ಮಾನವರಹಿತ ವಿಮಾನವೊಂದಕ್ಕೆ ಅದು ಸರಿಸಮವಲ್ಲವೆಂಬುದು ಅವರ ಕಾರಣ. ರಾಜಕಾರಣಿಯ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಆದರೂ ಆ ಪ್ರಶ್ನೆ ಕೇಳಲ್ಪಟ್ಟಿತು, ಮತ್ತು ವಿಮಾನದೊಳಗೆ ಒಬ್ಬನು ಸತ್ತಿದ್ದರೆ ಅದೇ 150 ಎಂಬ ಸಂಖ್ಯೆ ಅವರನ್ನು ತಡೆಯುತ್ತಿತ್ತೇ ಎಂಬ ಸಂಶಯ ನನಗಿದೆ. ದುಸ್ಸಾಹಸವನ್ನು ಸುಲಭಗೊಳಿಸಿದ ಮನುಷ್ಯನ ಗೈರುಹಾಜರಿಯೇ ಸಂಯಮವನ್ನೂ ಸುಲಭಗೊಳಿಸಿತು.

ನಾಸಾದ ಬಿರುಗಾಳಿ ಯಾತ್ರೆಗಳು ಮುಗಿದಿವೆ. ವಾಯುಪಡೆಯಿಂದ ನಿವೃತ್ತವಾದ ಬೇರೆ ಕೆಲವು ಗ್ಲೋಬಲ್ ಹಾಕ್‌ಗಳನ್ನು ಇತ್ತೀಚಿನ ವರ್ಷಗಳಲ್ಲಿ, ಶಬ್ದಕ್ಕಿಂತ ಹಲವು ಪಟ್ಟು ವೇಗದ ಕ್ಷಿಪಣಿಗಳ ಪರೀಕ್ಷೆಯನ್ನು ಆಕಾಶದಿಂದ ವೀಕ್ಷಿಸುವ ಕೆಲಸಕ್ಕೆ ಮಾರ್ಪಡಿಸಲಾಗಿದೆ.