ಅಳಿಲಿಗೆ ಸಲ್ಲುವ ಸೇವೆ



ಅಲ್ಪಶಕ್ತರು ತಮ್ಮಿಂದಾದಷ್ಟನ್ನು ಭಕ್ತಿಯಿಂದ ಸಲ್ಲಿಸಿದರೆ ಅದನ್ನು ಅಳಿಲು ಸೇವೆಯೆಂದು ಕರೆಯುವುದು ನಮ್ಮ ನಾಡಿನ ರೂಢಿ. ಸೇತುವೆ ಕಟ್ಟುವಲ್ಲಿ ಮರಳಿನ ಕಣಗಳನ್ನು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮನು ಸವರಿದನೆಂದೂ, ಆ ಬೆರಳುಗಳ ಗುರುತೇ ಮೂರು ಪಟ್ಟೆಗಳಾಗಿ ಉಳಿಯಿತೆಂದೂ ಹೇಳುವ ಕಥೆಯನ್ನು ಮಕ್ಕಳೂ ಬಲ್ಲರು. ಅಳಿಲಿನ ಸೇವೆಯನ್ನು ಇಷ್ಟೊಂದು ಕೊಂಡಾಡುವ ನಾವು, ಅಳಿಲಿಗೇ ಸೇವೆ ಬೇಕಾದ ಗಳಿಗೆಯಲ್ಲಿ ಹೇಗೆ ನಡೆಯಬೇಕೆಂಬುದನ್ನು ಇಂದು ವಿಚಾರಿಸೋಣ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವ ಸದ್ಭಕ್ತರಿಗೆ ಈ ಮಾತು ದೂರದ್ದಲ್ಲ. 1948ರಲ್ಲಿ ಅಡಿಗಲ್ಲು ಕಂಡ ಜಯನಗರದಲ್ಲಿ, ಬನಶಂಕರಿ, ಜಯಪ್ರಕಾಶ ನಗರಗಳಲ್ಲಿ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯಲ್ಲಿ ಸಾಲುಮರಗಳೂ ಹಿತ್ತಿಲ ತೆಂಗುಗಳೂ ಇನ್ನೂ ಉಳಿದಿವೆ. ಅವುಗಳೊಡನೆ ಅಳಿಲುಗಳೂ ಉಳಿದಿವೆ. ನಾರು, ಹತ್ತಿ, ಚಿಂದಿಬಟ್ಟೆಯ ಎಳೆಗಳನ್ನು ಕೂಡಿಸಿ ಅವು ತೆಂಗಿನ ಗರಿಗಳ ಬುಡದಲ್ಲಿಯೋ ಮನೆಯ ಸೂರಿನ ಸಂದಿಯಲ್ಲಿಯೋ ಗೂಡು ಹೂಡುತ್ತವೆ. ಮರ ಸವರುವ ದಿನ, ಹಳೆಯ ಮನೆ ಕೆಡಹುವ ದಿನ, ಮುಂಗಾರಿನ ಮೊದಲ ಬಿರುಗಾಳಿಯ ಸಂಜೆ ಆ ಗೂಡು ನೆಲಕ್ಕುರುಳುತ್ತದೆ. ರೋಮ ಮೂಡದ, ಕಣ್ಣು ತೆರೆಯದ ಮರಿಯೊಂದು ಅಂಗಳದಲ್ಲಿ ಬಿದ್ದಿರುತ್ತದೆ.

ಕಂಡವರ ಮನಸ್ಸು ಕರಗುವುದು ಸಹಜ. ಒಡನೆಯೇ ಮನೆಯೊಳಗೆ ತಂದು, ಬಟ್ಟಲಲ್ಲಿ ಹಸುವಿನ ಹಾಲು ತಂದು, ಚಮಚದಿಂದ ಬಾಯಿಗೆ ಸುರಿಯುವರು. ಮರುದಿನ ಮರಿ ಸಾಯುವುದು. ಅದರ ಆಯುಷ್ಯ ಅಷ್ಟೇ ಎಂದು ಸಮಾಧಾನ ತಂದುಕೊಳ್ಳುವರು. ಅನೇಕ ವೇಳೆ ಆಯುಷ್ಯ ಅಷ್ಟೇ ಆಗಿರುವುದಿಲ್ಲ. ನಮ್ಮ ಅರಿವು ಅಷ್ಟೇ ಆಗಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಧರ್ಮವನ್ನು ದಯೆಯ ಮೇಲೆ ನಿಲ್ಲಿಸಿದರು. ಬಲಿಗೆಂದು ತಂದ ಕುರಿಯನ್ನು ಕುರಿತ ಅವರ ವಚನವನ್ನು ನೆನೆಯಿರಿ: ಅಲ್ಲಿ ಅವರು ನೋಡಿದುದು ಹಬ್ಬದವರ ಕಣ್ಣಿನಿಂದಲ್ಲ, ಸಾವನ್ನರಿಯದೆ ತನ್ನ ಹಸಿವನ್ನಷ್ಟೇ ಅರಿತ ಆ ಮೂಕಪ್ರಾಣಿಯ ಕಡೆಯಿಂದ. ಅಳಿಲಿನ ಮರಿಯನ್ನೂ ಹಾಗೆ ಅದರ ಕಡೆಯಿಂದಲೇ ನೋಡತಕ್ಕದ್ದು. ನಮ್ಮ ಕರುಣೆ ತಣಿಯುವುದು ಹಾಲೆರೆದಾಗ. ಅದಕ್ಕೆ ಮೊದಲು ಬೇಕಾದುದು ಬಿಸುಪು, ಆಮೇಲೆ ತಾಯಿ.

ಎಂತೆಂದರೆ, ಮೈ ತಣ್ಣಗಾದ ಮರಿಗೆ ಉಣಿಸಿದುದು ಜೀರ್ಣವಾಗದು. ಬಿಸಿನೀರು ತುಂಬಿದ ಶೀಸೆಗೆ ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಯ ಒಂದು ಬದಿಗಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಮರಿಯನ್ನು ಮಲಗಿಸಬೇಕು. ಇನ್ನೊಂದು ಬದಿ ತಂಪಾಗಿರಲಿ. ಬಿಸಿ ಹೆಚ್ಚಾದರೆ ಅತ್ತ ಸರಿಯಲು ಎಡೆಯಿರಬೇಕು. ಮೈ ಬೆಚ್ಚಗಾದ ಮೇಲೆ, ಗಾಯವಿಲ್ಲದಿದ್ದರೆ, ಬಿದ್ದ ಮರದ ಬಳಿಯೇ ಬೆಕ್ಕು, ಕಾಗೆ, ಇರುವೆಗಳಿಗೆ ಸಿಗದ ಎತ್ತರದಲ್ಲಿ ಪೆಟ್ಟಿಗೆಯನ್ನು ತೆರೆದಿಟ್ಟು ನಾವು ದೂರ ಸರಿಯತಕ್ಕದ್ದು. ತಾಯಿಯು ಕೂಗುತ್ತ ಹುಡುಕುತ್ತಿರುತ್ತದೆ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೊಂದು ಗೂಡಿಗೆ ಒಯ್ಯಬಲ್ಲುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ನಿಜವಲ್ಲ. ಆ ನಂಬಿಕೆಯಿಂದ ಎಷ್ಟು ಮರಿಗಳು ತಾಯಿಯಿದ್ದೂ ತಬ್ಬಲಿಗಳಾದವೋ! ಅಳಿಲು ಹಗಲಿನಲ್ಲಿ ಸಂಚರಿಸುವ ಪ್ರಾಣಿಯಾದುದರಿಂದ ಸಂಜೆಯವರೆಗೆ ಕಾಯಬೇಕು. ಕತ್ತಲಾದರೂ ತಾಯಿ ಬಾರದಿದ್ದರೆ ಮರಿಯನ್ನು ಒಳತಂದು ಬೆಚ್ಚಗಿರಿಸಿ, ಬೆಳಗಾಗುತ್ತಲೇ ಬಲ್ಲವರ ಬಳಿಗೆ ಒಯ್ಯಬೇಕು.

ಹಸುವಿನ ಹಾಲು ಸಲ್ಲದು. ಅದರಿಂದ ಭೇದಿಯಾಗಿ ಮರಿ ಒಣಗಿಹೋಗುತ್ತದೆ. ಮಲಗಿಸಿ ಬಾಯಿಗೆ ಹನಿಸಿದ ಯಾವ ದ್ರವವೂ ಶ್ವಾಸಕೋಶಕ್ಕೆ ಇಳಿಯಬಹುದು. ಇಷ್ಟು ಚಿಕ್ಕ ಮರಿಗಳು ತಾಯಿ ನೆಕ್ಕಿ ಪ್ರಚೋದಿಸದೆ ಮೂತ್ರವನ್ನು ಕೂಡ ತಾವಾಗಿ ವಿಸರ್ಜಿಸಲಾರವು. ಆದುದರಿಂದ ಉಣಿಸುವ ಕೆಲಸವನ್ನು ಕಲಿತವರಿಗೆ ಬಿಡುವುದು ಲೇಸು. ಕೆಂಗೇರಿಯ ಕಡೆ ಉತ್ತರಹಳ್ಳಿ ರಸ್ತೆಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ವನ್ಯಜೀವಿಗಳಿಗೆಂದೇ ಆಸ್ಪತ್ರೆ ನಡೆಸುತ್ತಿದ್ದಾರೆ. ಬನಶಂಕರಿಯವರಿಗೆ ಅದು ಬಹು ದೂರವೇನಲ್ಲ.

ಬೆಕ್ಕಿನ ಬಾಯಿಂದ ಬಿಡಿಸಿದ ಅಳಿಲಿನ ವಿಷಯದಲ್ಲಿ ತಡಮಾಡಲೇಬಾರದು. ಹೊರಗೆ ಗಾಯ ಕಾಣದಿದ್ದರೂ ಬೆಕ್ಕಿನ ಹಲ್ಲಿನ ನಂಜು ಒಳಗೆ ಏರುತ್ತಿರುತ್ತದೆ. ಅಂದೇ ವೈದ್ಯರ ಔಷಧ ಬೇಕು. ಗಾಯಗೊಂಡ ದೊಡ್ಡ ಅಳಿಲು ಭಯದಿಂದ ಕಚ್ಚುತ್ತದೆ. ದಪ್ಪ ಟವೆಲನ್ನು ಮೇಲೆ ಹೊದಿಸಿ ಎತ್ತಿ, ಗಾಳಿಯಾಡುವ ತೂತುಗಳುಳ್ಳ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿರಿಸಿ, ಮಕ್ಕಳು ಮೇಲಿಂದ ಮೇಲೆ ಇಣುಕದಂತೆ ನೋಡಿಕೊಳ್ಳಿರಿ. ಕಚ್ಚಿಸಿಕೊಂಡವರು ಸೋಪಿನಿಂದ ಚೆನ್ನಾಗಿ ತೊಳೆದುಕೊಂಡು ವೈದ್ಯರನ್ನು ಕಾಣಬೇಕು.

ಇನ್ನು ಮೋಹದ ಮಾತು. ಕೈಯಲ್ಲಿ ಬೆಳೆದ ಮರಿ ಹೆಗಲೇರಿ ಆಡುವಾಗ ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪದು. ಪಂಜರ ತರುವರು, ಹೆಸರಿಡುವರು. ದಾಸೋಹವೆಂದರೆ ನಾನು ನೀಡಿದೆನೆಂಬ ಭಾವವನ್ನೂ ಉಳಿಸಿಕೊಳ್ಳದೆ ನೀಡುವುದೆಂದು ನಾವು ಕಲಿತಿದ್ದೇವಷ್ಟೆ. ನೀಡಿದುದಕ್ಕೆ ಪ್ರತಿಯಾಗಿ ಜೀವವನ್ನೇ ಇಟ್ಟುಕೊಳ್ಳುವುದು ಯಾವ ದಾಸೋಹ? ಅಳಿಲನ್ನು ಜಂಗಮವೆಂದು ಕರೆದರೆ ಮಾತು ಅತಿಯಾದೀತು. ಆದರೂ ಚಲಿಸುವುದಕ್ಕೆಂದೇ ಹುಟ್ಟಿದುದನ್ನು ಕಂಬಿಗಳೊಳಗೆ ಸ್ಥಾವರ ಮಾಡುವಾಗ ಶರಣರ ಅನುಯಾಯಿಗಳಿಗೆ ಕೊಂಚವಾದರೂ ಅಳುಕು ಹುಟ್ಟಬೇಡವೇ? ಮೇಲಾಗಿ, ಮನುಷ್ಯರಿಗೂ ಬೆಕ್ಕಿಗೂ ಹೆದರದಂತೆ ಬೆಳೆದ ಅಳಿಲು ಹೊರಗೆ ಹೋದ ದಿನವೇ ಅಪಾಯಕ್ಕೆ ಸಿಕ್ಕುತ್ತದೆ. ಆಸ್ಪತ್ರೆಗೆ ಒಪ್ಪಿಸಿದ ಮರಿಯನ್ನು ಮತ್ತೆ ಕೇಳದಿರುವುದೂ ಒಂದು ವ್ರತವೇ ಸರಿ. ನಮ್ಮ ಮಾತೆಯರಿಗೆ ಇದು ಕಠಿನವೆಂದು ಬಲ್ಲೆವು.

ಬೀಳದಂತೆ ಮಾಡುವುದು ಇವೆಲ್ಲಕ್ಕಿಂತ ಸುಲಭ. ತೆರೆದ ಸಂಪು, ಡ್ರಮ್ಮುಗಳಿಗೆ ಮುಚ್ಚಳವಿಡಿರಿ. ಮುಚ್ಚಲಾಗದ ತೊಟ್ಟಿಯಲ್ಲಿ, ಬಿದ್ದ ಅಳಿಲು ಹತ್ತಿ ಬರುವಂತೆ ಒರಟು ಕೋಲೊಂದನ್ನು ಓರೆಯಾಗಿ ನಿಲ್ಲಿಸಿರಿ. ತೆಂಗಿನಮರ ಹತ್ತುವವರು ಬಂದಾಗ, ಕತ್ತಿ ಆಡಿಸುವ ಮೊದಲು ಗರಿಗಳ ಬುಡವನ್ನು ನೋಡಲು ಹೇಳಿರಿ. ಗೂಡಿನಲ್ಲಿ ಮರಿಗಳಿದ್ದರೆ ಆ ಗರಿಯನ್ನು ಎರಡು ಮೂರು ತಿಂಗಳ ಮಟ್ಟಿಗೆ ಬಿಟ್ಟುಬಿಡಲಿ. ಬಂದವರಿಗೆ ಅಂದಿನ ಕೂಲಿಯನ್ನು ಪೂರ್ತಿಯಾಗಿಯೇ ಕೊಟ್ಟು ಕಳುಹಿಸಿರಿ.