ಭಯದ ದಿನಗಳಲ್ಲಿ ನನ್ನ ನೆರೆಯವನು ಯಾರು?

ಭಯವು ಮನುಷ್ಯನಿಗೆ ಸಹಜವಾದುದು. ಮಗುವಿಗೆ ಕತ್ತಲೆಯ ಭಯ, ರೈತನಿಗೆ ಮಳೆ ಕೈಕೊಟ್ಟೀತೆಂಬ ಭಯ, ವೃದ್ಧರಿಗೆ ಒಂಟಿತನದ ಭಯ. ಇವು ಒಬ್ಬೊಬ್ಬರ ಪಾಲಿನ ಭಯಗಳು. ಆದರೆ ಊರಿಗೆ ಊರೇ ಒಂದೇ ಭಯಕ್ಕೆ ತುತ್ತಾದಾಗ ಕ್ರೈಸ್ತ ವಿಶ್ವಾಸಿಯು ಹೇಗೆ ನಡೆದುಕೊಳ್ಳಬೇಕು? ಭಯಪಡುವುದೇ ಅವಿಶ್ವಾಸದ ಗುರುತೇ?

ಪ್ರಿಯ ಓದುಗರೇ, ಕಪಿಲೆ ಕಾವೇರಿಯರ ದಡದ ನಮ್ಮ ಎರಡು ತಾಲ್ಲೂಕುಗಳು ಇಂಥ ದಿನಗಳನ್ನು ಕಂಡಿವೆ. 2020ರ ಮಾರ್ಚ್ 26ರಂದು ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೊರೋನಾ ಸೋಂಕು ಪತ್ತೆಯಾಯಿತು. ಕೆಲವೇ ವಾರಗಳಲ್ಲಿ ನೌಕರರು ಹಾಗೂ ಅವರ ಸಂಪರ್ಕದಲ್ಲಿದ್ದವರು ಸೇರಿ 70ಕ್ಕೂ ಹೆಚ್ಚು ಮಂದಿ ಸೋಂಕಿತರಾದರು. ಸಾವಿರಕ್ಕೂ ಮಿಕ್ಕಿದ ನೌಕರರು ಕ್ವಾರಂಟೈನ್‌ಗೆ ಒಳಗಾದರು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳ ದಾಳಿಗೆ ನಾಲ್ವರು ಬಲಿಯಾದರು: ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮಹಿಳೆ, ಒಬ್ಬ ಬಾಲಕ. ಆಳೆತ್ತರ ಬೆಳೆದ ಕಬ್ಬಿನ ಗದ್ದೆಯ ಪಕ್ಕದಲ್ಲಿ ನಡೆಯುವುದೆಂದರೆ ಎದೆ ನಡುಗುತ್ತಿತ್ತು.

ಈ ಎರಡು ಭಯಗಳಿಗೂ ಒಂದು ದೊಡ್ಡ ಅಂತರವುಂಟು. ಚಿರತೆಯ ಭಯವಿದ್ದಾಗ ಪಕ್ಕದ ಮನೆಯವರೇ ನಮಗೆ ಆಸರೆ. ನಾಲ್ಕು ಜನ ಜೊತೆಗೂಡಿ ನಡೆದರೆ ಧೈರ್ಯ. ರೋಗದ ಭಯ ಬಂದಾಗಲಾದರೋ ಆ ಪಕ್ಕದ ಮನೆಯವರೇ ನಮ್ಮ ಕಣ್ಣಿಗೆ ಅಪಾಯವಾಗಿ ಕಂಡರು. ಕೈಮೇಲಿನ ಕ್ವಾರಂಟೈನ್ ಮುದ್ರೆ, ಮನೆಬಾಗಿಲಿನ ಚೀಟಿ ಎಷ್ಟೋ ಕಡೆ ಕಳಂಕದ ಗುರುತಾದವು. ನಾಡಿನ ಅನೇಕ ಹಳ್ಳಿಗಳು ಹೊರಗಿನವರು ಬಾರದಂತೆ ದಾರಿಗೆ ಮುಳ್ಳು ಹಾಕಿಕೊಂಡವು. ಮೊದಲನೆಯ ಭಯ ನಮ್ಮನ್ನು ಕೂಡಿಸಿತು, ಎರಡನೆಯದು ಅಗಲಿಸಿತು. ನಮ್ಮ ವಿಶ್ವಾಸಕ್ಕೆ ನಿಜವಾದ ಪರೀಕ್ಷೆ ಎದುರಾದುದು ಈ ಎರಡನೆಯ ಭಯದಲ್ಲಿಯೇ.

ನಂಜನಗೂಡಿನಲ್ಲಿ ಸೋಂಕು ಪತ್ತೆಯಾದ ಮರುದಿನ, ಮಾರ್ಚ್ 27ರ ಸಂಜೆ, ಜಗದ್ಗುರು ಫ್ರಾನ್ಸಿಸ್‌ರವರು ರೋಮಿನ ಸಂತ ಪೇತ್ರರ ಚೌಕದಲ್ಲಿ ಮಳೆಯ ನಡುವೆ ಏಕಾಂಗಿಯಾಗಿ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದರು. ಅವರು ಧ್ಯಾನಕ್ಕೆ ಆಯ್ದುಕೊಂಡುದು ಮಾರ್ಕನ ಶುಭಸಂದೇಶದ ಬಿರುಗಾಳಿಯ ಪ್ರಸಂಗವನ್ನು. ಆ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ದೋಣಿಯೊಳಗೆ ನೀರು ನುಗ್ಗಿದಾಗ ಶಿಷ್ಯರು ದೂರಿದುದು ಗಾಳಿಯನ್ನಲ್ಲ. ತಮ್ಮೊಡನೆ ಅದೇ ದೋಣಿಯಲ್ಲಿದ್ದ ಯೇಸುಸ್ವಾಮಿಯನ್ನೇ, ನಮ್ಮ ಚಿಂತೆ ನಿಮಗಿಲ್ಲವೇ ಎಂದು ಆಕ್ಷೇಪಿಸಿದರು. ಭಯದ ಸ್ವಭಾವವೇ ಹಾಗೆ. ಅದು ಜೊತೆಯಲ್ಲಿರುವವನ ಮೇಲೆ ಮೊದಲು ಬೆರಳು ತೋರಿಸುತ್ತದೆ.

ಹಾಗಾದರೆ ಭಯಪಡುವುದು ಪಾಪವೇ? ಖಂಡಿತ ಅಲ್ಲ. ಗೆತ್ಸೆಮನಿ ತೋಪಿನಲ್ಲಿ ಪ್ರಭುವೇ ದಿಗಿಲುಗೊಂಡು ಬೆವರಿದರು. ಗೆಳೆಯರನ್ನು ಎಚ್ಚರವಿರಿ ಎಂದು ಬೇಡಿಕೊಂಡರು. ಆದರೂ ಸೈನಿಕರು ಬಂಧಿಸಲು ಬಂದ ಗಳಿಗೆಯಲ್ಲಿ ತಮ್ಮ ಸಂಗಡಿಗರನ್ನು ಬಿಟ್ಟುಬಿಡಿರೆಂದು ಕೇಳಿದರು. ಅಂಜಿಕೆ ಅವರೊಳಗಿತ್ತು, ತೀರ್ಮಾನ ಮಾತ್ರ ಅಂಜಿಕೆಯ ಕೈಯಲ್ಲಿರಲಿಲ್ಲ.

ಎಚ್ಚರಿಕೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಕತ್ತಲಾದ ಮೇಲೆ ಗದ್ದೆಯತ್ತ ಒಬ್ಬರೇ ಹೋಗದಿರುವುದು, ಸೋಂಕಿನ ಕಾಲದಲ್ಲಿ ದೂರ ನಿಲ್ಲುವುದು ದೇವರು ಕೊಟ್ಟ ವಿವೇಕದ ಬಳಕೆ. ಆ ವರ್ಷ ಪಾಸ್ಖ ಹಬ್ಬದಂದೂ ದೇವಾಲಯಗಳ ಬಾಗಿಲು ಮುಚ್ಚಿದ್ದುದು ಪರರ ಪ್ರಾಣದ ಮೇಲಿನ ಪ್ರೀತಿಯಿಂದ. ದೂರ ನಿಂತೂ ಬಾಗಿಲ ಬಳಿ ಅಕ್ಕಿ, ತರಕಾರಿ ಇಟ್ಟು ಕುಶಲ ವಿಚಾರಿಸಬಹುದು. ಹತ್ತಿರವಿದ್ದೂ ಮನಸ್ಸಿನಲ್ಲಿ ನೆರೆಯವನನ್ನು ಹೊರಹಾಕಬಹುದು. ಮೊದಲನೆಯದು ಜಾಗ್ರತೆ, ಎರಡನೆಯದು ತಿರಸ್ಕಾರ.

ನಮ್ಮ ಸೀಮೆಯ ಧರ್ಮಸಭೆಗೆ ಈ ಪಾಠ ಹೊಸತಲ್ಲ. ಸಿಡುಬು ಎಂದರೆ ಜನ ತತ್ತರಿಸುತ್ತಿದ್ದ 1803-04ರಲ್ಲಿ, ಮೈಸೂರು ಸೀಮೆಯಲ್ಲಿ ಸೇವೆಯಲ್ಲಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾರವರು ಲಸಿಕೆ ಹಾಕಿಸುವ ಕಾರ್ಯಕ್ಕೆ ಮುಂದಾದರು. 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ದೊರೆಯಿತು. ಪ್ರಾರ್ಥಿಸುವ ಗುರುವಿಗೆ ಲಸಿಕೆಯ ಕೆಲಸ ಹೊರಗಿನದಾಗಿ ಕಾಣಲಿಲ್ಲ. 2020ರಲ್ಲಿ ಮನೆಮನೆಗೆ ನಡೆದ ಆಶಾ ಕಾರ್ಯಕರ್ತೆಯರೂ, 2023ರಲ್ಲಿ ಚಿರತೆಯ ಜಾಡು ಹಿಡಿದು ಹೊರಟ ಅರಣ್ಯ ಸಿಬ್ಬಂದಿಯೂ ಭಯವಿಲ್ಲದವರೇನಲ್ಲ. ಅವರ ಕೈಗಳು ಕೆಲಸದಲ್ಲಿ ತೊಡಗಿದ್ದವು, ಅಷ್ಟೇ.

2020ರ ಮೇ ಮಧ್ಯದ ವೇಳೆಗೆ ಜಿಲ್ಲೆಯ ಆವರೆಗಿನ 90 ಮಂದಿ ಸೋಂಕಿತರೂ ಗುಣಮುಖರಾದರು. ಮುಂದಿನ ಅಲೆಗಳಲ್ಲಿ ಹಾಗಾಗಲಿಲ್ಲ; ಎಷ್ಟೋ ಮನೆಗಳಲ್ಲಿ ದೀಪಗಳು ನಂದಿದವು. ಆದ್ದರಿಂದ ಏನೂ ಆಗುವುದಿಲ್ಲವೆಂಬ ಭರವಸೆಯ ಮೇಲೆ ಕ್ರೈಸ್ತನ ಶಾಂತಿ ನಿಲ್ಲಲಾರದು. ನಮ್ಮ ಪ್ರಭು ನಮ್ಮ ದೋಣಿಯಲ್ಲಿಯೇ ಇದ್ದಾರೆ, ಆ ದೋಣಿಯಲ್ಲಿ ನೆರೆಯವನಿಗೂ ಸ್ಥಳವಿದೆ ಎಂಬ ಅರಿವಿನ ಮೇಲೆ ಅದು ನಿಲ್ಲುತ್ತದೆ.

ಭಯದ ದಿನ ಮತ್ತೆ ಬಾರದೆಂದು ಯಾರೂ ಹೇಳಲಾರರು. ಅದು ಬಂದಾಗ, ಸಂಜೆ ಮನೆಮಂದಿಯೆಲ್ಲ ಕೂಡಿ ಜಪಮಾಲೆ ಹಿಡಿಯುವ ಮುನ್ನ, ಬೀದಿಯಲ್ಲಿ ಯಾರ ಬಾಗಿಲು ಇಡೀ ದಿನ ತೆರೆದಿಲ್ಲವೆಂದು ಒಮ್ಮೆ ನೋಡೋಣ. ಆ ಮನೆಯವರ ಹೆಸರನ್ನು ನಮ್ಮ ಪ್ರಾರ್ಥನೆಗೆ ಸೇರಿಸಿ, ಅವರ ಪಾಲಿನ ಊಟವನ್ನು ನಮ್ಮ ಒಲೆಯ ಮೇಲೂ ಇಡೋಣ. ನಾವು ಹುಡುಕುವ ಶಾಂತಿ ಅಲ್ಲಿಂದಲೇ ನಮ್ಮ ಮನೆಗೆ ಬಂದೀತು.